ಚೀಲ ಹೊರುವವರು ಯಾರು?



ಗಣೇಶನ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಮಳೆ ಹಿಡಿದ ಸಂಜೆ. ನಾನು ಪಡಸಾಲೆಯ ಫರಸಿ ಮೇಲೆ ಮರ ಮುಂದಿಟ್ಟುಕೊಂಡು ಜೋಳ ಹಸನು ಮಾಡುತ್ತಾ ಕೂತಿದ್ದೆ. ಒಂಬತ್ತನೇ ಇಯತ್ತೆ ಓದುವ ಮೊಮ್ಮಗಳು ಶಾಲೆಯಿಂದ ಓಡುತ್ತಲೇ ಬಂದಳು. ಕೈಯಲ್ಲೊಂದು ಕಾಗದ. ಥ್ರೋಬಾಲ್ ಆಟದಲ್ಲಿ ಅವರ ಶಾಲೆ ತಾಲೂಕಿಗೆ ಮೊದಲು ಬಂದಿದೆಯಂತೆ. ಇನ್ನು ಜಿಲ್ಲಾ ಮಟ್ಟಕ್ಕೆ ಕಲಬುರಗಿಗೆ ಹೋಗಬೇಕು, ಎರಡು ದಿನ. ತಂದೆ-ತಾಯಿಯ ಸಹಿ ಬೇಕು. ಹುಡುಗಿಯರ ಜೊತೆಗೆ ಮನೆಯ ಹೆಣ್ಣುಮಕ್ಕಳು ಯಾರಾದರೂ ಬಂದರೆ ಅನುಕೂಲ ಎಂದು ಮಾಸ್ತರರು ಹೇಳಿ ಕಳಿಸಿದ್ದರು.

ನನ್ನ ಮಗನಿಗೆ ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಸೊಸೆಗೆ ಮನೆ, ಎಮ್ಮೆ, ಅಡುಗೆ. ನನಗೆ ಮೊಣಕಾಲು ನೋವು. ಯಾರು ಹೋಗಬೇಕು? ಯಾರೂ ಕೇಳುವ ಮೊದಲೇ ನಾನೇ ಬಾಯಿ ಹಾಕಿದೆ.

"ಎರಡು ದಿನ ಊರು ಬಿಟ್ಟು ಆಟಕ್ಕ ಹೋಗೋದೇನು ಬ್ಯಾಡವ್ವಾ. ಮುಂದಿನ ವರ್ಷ ಹತ್ತನೇತ್ತ ಅದ. ಓದ್ಕೋ."

ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ಏನೂ ಅನ್ನದೆ ಒಳಗೆ ಹೋದಳು. ಮೊಮ್ಮಗಳು ಮಾತ್ರ ನನ್ನ ಮುಖವನ್ನೇ ನೋಡಿ ಹೇಳಿದಳು: "ಆಯಿ, ಅದಿತಿ ಅಶೋಕನ ಅವ್ವ ಚೀಲ ಹೊತ್ಕೊಂಡು ಮಗಳ ಹಿಂದ ಹಿಂದ ನಡ್ಯಾದು ಟಿವಿಯಾಗ ನೋಡಿ, ಕಣ್ಣಾಗ ನೀರು ತಂದಾಕಿ ನೀನೇ ಅಲ್ಲೇನು? ಮರ್ತಿ?"

ಮರೆತಿರಲಿಲ್ಲ. ಅದು 2021ರ ಆಗಸ್ಟ್ 7, ಶನಿವಾರ ಬೆಳಗ್ಗೆ. ಟೋಕಿಯೋದಲ್ಲಿ ಒಲಿಂಪಿಕ್ಸ್. ಗಾಲ್ಫ್ ಎಂದರೆ ಏನೆಂದು ಗೊತ್ತಿಲ್ಲದ ಮನೆಗಳಲ್ಲೂ ಅಂದು ಟಿವಿ ಹಚ್ಚಿದ್ದರು. ನಮ್ಮ ಕರ್ನಾಟಕದ ಹುಡುಗಿ ಒಬ್ಬಳು ಪದಕದ ಹತ್ತಿರ ಬಂದಿದ್ದಾಳೆ ಎಂಬ ಸುದ್ದಿ ಹಬ್ಬಿತ್ತು. ನಾನೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂತೆ. ಹಸಿರು ಹುಲ್ಲಿನ ಮೇಲೆ ತೆಳ್ಳಗಿನ ಹುಡುಗಿ ನಡೆಯುತ್ತಾಳೆ. ಅವಳ ಪಕ್ಕದಲ್ಲಿ ತಾಯಿ, ಭಾರವಾದ ಚೀಲ ಹೊತ್ತುಕೊಂಡು. ಆ ತಾಯಿಯ ಹೆಸರು ಮಹೇಶ್ವರಿ. ಮಗಳು ಅದಿತಿ.

ಮೊಮ್ಮಗಳ ಆ ಒಂದು ಮಾತಿನಿಂದ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಆದ್ದರಿಂದ ಈ ಸಲದ ಅಂಕಣದಲ್ಲಿ ಅದಿತಿಯ ಕಥೆಯನ್ನೇ ಹೇಳುತ್ತೇನೆ. ಅದರಲ್ಲೂ ಅವಳ ಒಂದು ವರ್ಷದ, ಅಂದರೆ 2023ರ ಕಥೆ. ಕೇಳಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ.

ಮೊದಲು ಆಟ ಏನೆಂದು ತಿಳಿಯೋಣ. ಹುಡುಗರು ಬೀದಿಯಲ್ಲಿ ಕುಳಿ ತೋಡಿ ಗೋಲಿ ಆಡುವುದಿಲ್ಲವೇ? ಹೆಚ್ಚು ಕಡಿಮೆ ಅದೇ ಆಟ, ಊರಗಲದ ಮೈದಾನದಲ್ಲಿ. ಚಿಕ್ಕದೊಂದು ಬಿಳಿ ಚೆಂಡು, ತೂಕ 46 ಗ್ರಾಂ ಒಳಗೆ. ದೂರದಲ್ಲೊಂದು ಕುಳಿ, ಬಾಯಿ ನಾಲ್ಕೂಕಾಲು ಅಂಗುಲ. ಕೋಲಿನಿಂದ ಹೊಡೆದು ಹೊಡೆದು ಚೆಂಡನ್ನು ಅದರೊಳಗೆ ಬೀಳಿಸಬೇಕು. ಇಂಥ ಕುಳಿಗಳು 18. ದೂರಕ್ಕೊಂದು ಕೋಲು, ಮರಳಿನಿಂದ ಎತ್ತಲು ಒಂದು, ಹತ್ತಿರ ಬಂದ ಮೇಲೆ ಮೆಲ್ಲಗೆ ತಳ್ಳಲು ಇನ್ನೊಂದು. ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇಟ್ಟುಕೊಳ್ಳಬಹುದು.

ಒಂದೊಂದು ಕುಳಿಗೂ ಇಷ್ಟು ಏಟಿನಲ್ಲಿ ಮುಗಿಸಬೇಕೆಂಬ ಲೆಕ್ಕ ಇರುತ್ತದೆ. ಅದಕ್ಕೆ ಪಾರ್ ಎನ್ನುತ್ತಾರೆ. ಹದಿನೆಂಟೂ ಸೇರಿ ಸಾಮಾನ್ಯವಾಗಿ 72. ಒಂದು ಏಟು ಉಳಿಸಿದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಬೇರೆ ಆಟಗಳಲ್ಲಿ ಹೆಚ್ಚು ಗಳಿಸಿದವರು ಗೆಲ್ಲುತ್ತಾರೆ. ಇಲ್ಲಿ ಕಡಿಮೆ ಖರ್ಚು ಮಾಡಿದವರು ಗೆಲ್ಲುತ್ತಾರೆ. ತಿಂಗಳ ಕೊನೆಯಲ್ಲಿ ಸಂಸಾರದ ಲೆಕ್ಕ ಹಾಕುವ ನಮಗೆ ಇದು ಬೇಗ ತಿಳಿಯುತ್ತದೆ, ಏನಂತೀರಿ?

ದೊಡ್ಡ ಸ್ಪರ್ಧೆಗಳು ಸಾಮಾನ್ಯವಾಗಿ ನಾಲ್ಕು ದಿನ ನಡೆಯುತ್ತವೆ. ದಿನಕ್ಕೆ 18 ಕುಳಿ, ನಾಲ್ಕೈದು ತಾಸು, ಎಂಟು-ಹತ್ತು ಕಿಲೋಮೀಟರ್ ನಡಿಗೆ. ಎರಡು ದಿನವಾದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ. ಇದಕ್ಕೆ ಕಟ್ ಎಂದು ಹೆಸರು. ಕಟ್ ದಾಟದವರಿಗೆ ಸಾಮಾನ್ಯವಾಗಿ ಬಹುಮಾನದ ಹಣ ಇಲ್ಲ. ವಿಮಾನದ ಟಿಕೀಟು, ಕೋಣೆ ಬಾಡಿಗೆ, ಚೀಲ ಹೊರುವವರ ಸಂಬಳ ಎಲ್ಲ ಕೈಯಿಂದಲೇ. ಅಂದರೆ ವೃತ್ತಿಯ ಗಾಲ್ಫ್ ಆಡುವ ಹೆಣ್ಣುಮಗಳಿಗೆ ತಿಂಗಳ ಪಗಾರ ಎಂಬುದಿಲ್ಲ. ಬಿತ್ತಿದ ಬೀಜದ ಖರ್ಚು ಬಂದೇ ಬರುತ್ತದೆಂದು ಹೇಳಲಾಗದ ನಮ್ಮ ತೊಗರಿ ಬೆಳೆಯ ಹಾಗೆ.

ಹೆಂಗಸರು ಈ ಆಟದಲ್ಲಿ ಹಣ ಗಳಿಸುವ ದಾರಿಯನ್ನು ಅವರೇ ಮಾಡಿಕೊಂಡರು. ಅಮೆರಿಕದಲ್ಲಿ 1950ರಲ್ಲಿ 13 ಜನ ಆಟಗಾರ್ತಿಯರು ಸೇರಿ ಎಲ್‌ಪಿಜಿಎ ಎಂಬ ಸಂಘ ಕಟ್ಟಿದರು. ಇಂದಿಗೂ ಜಗತ್ತಿನಲ್ಲಿ ಹೆಂಗಸರ ಗಾಲ್ಫ್‌ಗೆ ಅದೇ ದೊಡ್ಡದು. ಯೂರೋಪಿನಲ್ಲಿ ಇನ್ನೊಂದು ಟೂರ್ ಇದೆ. ನಮ್ಮ ದೇಶದೊಳಗೆ ನಮ್ಮದೇ ಒಂದು ಟೂರ್ ನಡೆಯುತ್ತದೆ. ಕಲ್ಕತ್ತೆಯ ಸ್ಮೃತಿ ಮೆಹ್ರಾ ಅಮೆರಿಕದ ಟೂರಿನಲ್ಲಿ ಆಡಿದ ಮೊದಲ ಭಾರತೀಯಳು. ಬೆಂಗಳೂರಿನ ಶರ್ಮಿಳಾ ನಿಕೊಲೆಟ್ 2012ರಲ್ಲಿ ಯೂರೋಪಿನ ಟೂರಿಗೆ ಹೋದಳು. ಅವರ ಹಿಂದೆ ಬಂದವಳು ಅದಿತಿ.

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ಅವಳ ಮನೆಯಲ್ಲಿ ಯಾರೂ ಗಾಲ್ಫ್ ಆಡುವವರಿರಲಿಲ್ಲ. ತಂದೆ ಅಶೋಕ್ ಗುಡ್ಲಮನಿ, ತಾಯಿ ಮಹೇಶ್ವರಿ ಮಗಳನ್ನು ಕರೆದುಕೊಂಡು ಫರಾಳಕ್ಕೆ ಹೋಗುತ್ತಿದ್ದ ಹೊಟೇಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುತ್ತಿತ್ತು. ಅಲ್ಲಿ ಜನ ಚೆಂಡು ಹೊಡೆಯುವುದನ್ನು ನೋಡಿ ಕೂಸು ಹಟ ಹಿಡಿಯಿತು. ಆಗ ಅವಳಿಗೆ ಐದು ವರ್ಷ. ಇಡ್ಲಿ ತಿನ್ನಲು ಹೋಗಿ ಗಾಲ್ಫ್ ಹಿಡಿದುಕೊಂಡು ಬಂದರು ಎನ್ನಬೇಕು! 2016ರ ಜನವರಿ 1ರಂದು ಅವಳು ವೃತ್ತಿಗೆ ಇಳಿದಳು. ಅದೇ ವರ್ಷ ಫ್ರಾಂಕ್ ಆಂಟನಿ ಶಾಲೆಯಿಂದ ಹನ್ನೆರಡನೇ ಇಯತ್ತೆ ಮುಗಿಸಿದಳು. ಅದೇ ವರ್ಷ 18ರ ವಯಸ್ಸಿಗೆ ರಿಯೋ ಒಲಿಂಪಿಕ್ಸಿಗೆ ಹೋದಳು. ಅಲ್ಲಿ ಚೀಲ ಹೊತ್ತವರು ತಂದೆ. ನವೆಂಬರಿನಲ್ಲಿ ಗುಡಗಾಂವದಲ್ಲಿ ನಡೆದ ಇಂಡಿಯನ್ ಓಪನ್ ಗೆದ್ದಳು. ಯೂರೋಪಿನ ಟೂರಿನ ಪಂದ್ಯ ಗೆದ್ದ ಮೊದಲ ಭಾರತೀಯಳು ಎನಿಸಿಕೊಂಡಳು.

ಟೋಕಿಯೋದಲ್ಲಿ ಆಡುವಾಗ ಜಗತ್ತಿನ ಪಟ್ಟಿಯಲ್ಲಿ ಅವಳ ಸ್ಥಾನ 200. ಕೆಲವು ವಾರ ಮೊದಲು ಕೊರೋನಾ ಬಂದು ಮೈಯಲ್ಲಿ ಶಕ್ತಿ ಇರಲಿಲ್ಲ. ಆದರೂ ನಾಲ್ಕು ದಿನ ಪಟ್ಟು ಬಿಡದೆ ಆಡಿ 269 ಏಟಿನಲ್ಲಿ ಮುಗಿಸಿದಳು. ಒಂದೇ ಒಂದು ಏಟಿನಿಂದ ಪದಕ ತಪ್ಪಿತು. ನಾಲ್ಕನೇ ಸ್ಥಾನ.

ಒಂದು ಏಟಿಗೆ ತಪ್ಪಿಸಿಕೊಂಡವರು ಆಮೇಲೆ ಏನು ಮಾಡುತ್ತಾರೆ? ಟಿವಿಯವರು ಅಂದೇ ಸಂಜೆ ಬೇರೆ ಸುದ್ದಿಗೆ ಹೋಗುತ್ತಾರೆ. ಆಟಗಾರ್ತಿ ಮಾತ್ರ ಮುಂದಿನ ಊರಿಗೆ ಹೋಗಬೇಕು. ಇನ್ನು 2023ಕ್ಕೆ ಬರುತ್ತೇನೆ.

ಆ ವರ್ಷ ಫೆಬ್ರವರಿ ಮೊದಲ ವಾರ ಆಫ್ರಿಕದ ಕೆನ್ಯಾದಲ್ಲಿ ಪಂದ್ಯ. ಅದಿತಿ 9 ಏಟಿನ ಅಂತರದಲ್ಲಿ ಗೆದ್ದಳು. ಐದು ವರ್ಷಕ್ಕೂ ಮೀರಿ ಒಂದೂ ಗೆಲುವು ಇಲ್ಲದೆ ಕಾದಿದ್ದಳು. 2017ರ ನವೆಂಬರಿನಲ್ಲಿ ಅಬುಧಾಬಿಯಲ್ಲಿ ಗೆದ್ದಿದ್ದೇ ಕೊನೆ. ಈ ಐದು ವರ್ಷದಲ್ಲಿ ಎಷ್ಟು ಜನ ಎಷ್ಟು ಮಾತು ಆಡಿರಬಹುದು, ನೀವೇ ಊಹಿಸಿ.

ಅದೇ ಫೆಬ್ರವರಿಯಲ್ಲಿ ಸೌದಿ ಅರೇಬಿಯದಲ್ಲಿ ನ್ಯೂಜಿಲೆಂಡಿನ ಲಿಡಿಯಾ ಕೋ ಗೆದ್ದಳು, ಅದಿತಿ ಎರಡನೆಯವಳು. ಅಂತರ? ಮತ್ತೆ ಒಂದು ಏಟು!

ಏಪ್ರಿಲಿನಲ್ಲಿ ಅಮೆರಿಕದ ಲಾಸ್ ಏಂಜಲಿಸ್. ನಾಲ್ಕು ದಿನ ಆಡಿದ ಮೇಲೆ ಮೂವರು ಸರಿಸಮ: ಆಸ್ಟ್ರೇಲಿಯದ ಹ್ಯಾನಾ ಗ್ರೀನ್, ಚೀನಾದ ಲಿನ್, ನಮ್ಮ ಅದಿತಿ. ಸರಿಸಮ ಬಂದರೆ ಒಂದೊಂದೇ ಕುಳಿ ಹೆಚ್ಚುವರಿ ಆಡಿಸುತ್ತಾರೆ. ಮೊದಲ ಕುಳಿಯಲ್ಲೇ ಅದಿತಿ ಹೊರಬಿದ್ದಳು. ಗ್ರೀನ್ ಗೆದ್ದಳು.

ಜುಲೈನಲ್ಲಿ ಹೆಂಗಸರ ಯು.ಎಸ್. ಓಪನ್. ಇದರ ಹಣದ ಲೆಕ್ಕ ಒಂದಿಷ್ಟು ಕೇಳಿ. ಆ ವರ್ಷ ಹೆಂಗಸರಿಗೆ ಇಟ್ಟ ಒಟ್ಟು ಬಹುಮಾನ 1 ಕೋಟಿ 10 ಲಕ್ಷ ಡಾಲರ್. ಕಡಿಮೆಯೇನಲ್ಲ. ಆದರೆ ಅದೇ ವರ್ಷ ಗಂಡಸರ ಯು.ಎಸ್. ಓಪನ್ನಿಗೆ 2 ಕೋಟಿ ಡಾಲರ್. ಚೆಂಡು ಅದೇ, ಕುಳಿಯ ಬಾಯಿ ಅದೇ ನಾಲ್ಕೂಕಾಲು ಅಂಗುಲ! ಹೊಲದಲ್ಲಿ ಕಳೆ ತೆಗೆಯುವ ನಮ್ಮ ಹೆಂಗಸರ ಕೂಲಿ, ಗಂಡಸರ ಕೂಲಿ ನೆನಪಾಯಿತು ನನಗೆ. ದೊಡ್ಡವರ ದೇಶದಲ್ಲೂ ಇದೇ ಹಾಡು.

ಅಕ್ಟೋಬರ್ 1. ಚೀನಾದ ಹಾಂಗ್‌ಜೌನಲ್ಲಿ ಏಷ್ಯನ್ ಕ್ರೀಡಾಕೂಟ. ಇಲ್ಲಿ ಹಣವಿಲ್ಲ, ದೇಶದ ಹೆಸರಿದೆ. ನಮ್ಮ ದೇಶದಿಂದ ಹೋದ ಮೂವರು ಹುಡುಗಿಯರೂ ಕರ್ನಾಟಕದವರು ಎಂದರೆ ನಂಬುತ್ತೀರಾ? ಬೆಂಗಳೂರಿನ ಅದಿತಿ, ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಪ್ರಣವಿ ಹಿಂದಿನ ವರ್ಷ, 2022ರಲ್ಲಿ, ನಮ್ಮ ದೇಶದ ಟೂರಿನಲ್ಲಿ ವರ್ಷದ ಪಟ್ಟಿಗೆ ಮೊದಲಿಗಳಾಗಿದ್ದವಳು.

ಅಲ್ಲಿ ಮೂರನೇ ದಿನ ಅದಿತಿ 61 ಏಟಿನಲ್ಲಿ ಮುಗಿಸಿದಳು. 72ರ ಲೆಕ್ಕದ ಮೈದಾನದಲ್ಲಿ 11 ಏಟು ಉಳಿತಾಯ! ಎಲ್ಲರಿಗಿಂತ 7 ಏಟು ಮುಂದೆ. ಚಿನ್ನ ಕೈಯಲ್ಲೇ ಇದೆ ಎಂದು ದೇಶವೆಲ್ಲ ಮಲಗಿತು. ಕೊನೆಯ ದಿನ ಏನಾಯಿತೋ, 77 ಏಟು ಆಯಿತು. ಥಾಯ್ಲೆಂಡಿನ ಅರ್ಪಿಚಾಯ ಯೂಬೋಲ್ 68ರಲ್ಲಿ ಮುಗಿಸಿ ಚಿನ್ನ ಒಯ್ದಳು. ಅದಿತಿಗೆ ಬೆಳ್ಳಿ. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವಳೇ. ಆದರೂ ಅಂದು ಎಷ್ಟು ಜನ "ಬೆಳ್ಳಿ ಬಂತು" ಅಂದರು, ಎಷ್ಟು ಜನ "ಚಿನ್ನ ಹೋಯಿತು" ಅಂದರು? ನಾನೂ ಎರಡನೆಯದನ್ನೇ ಅಂದವಳು. ಸುಳ್ಳು ಹೇಳುವುದಿಲ್ಲ.

ಈಗ ಕೇಳಿ. ಹಾಂಗ್‌ಜೌ ಆಗಿ ಎರಡು ತಿಂಗಳೂ ತುಂಬಿರಲಿಲ್ಲ. ನವೆಂಬರ್ ಕೊನೆಗೆ ಸ್ಪೇನಿನಲ್ಲಿ ಯೂರೋಪಿನ ಟೂರಿನ ವರ್ಷದ ಕೊನೆಯ ಪಂದ್ಯ. ಅದಿತಿ ಗೆದ್ದಳು, 2 ಏಟಿನ ಅಂತರದಲ್ಲಿ. ಆ ಟೂರಿನಲ್ಲಿ ಅದು ಅವಳ ಐದನೆಯ ಗೆಲುವು. ಏಳು ಏಟಿನ ಮುಂದಾಳತ್ವವನ್ನು ಜಗತ್ತಿನ ಎದುರು ಕಳೆದುಕೊಂಡ ಹುಡುಗಿ ಮನೆಯ ಮೂಲೆ ಹಿಡಿಯಲಿಲ್ಲ. ಚೀಲ ತಗೊಂಡು ಮುಂದಿನ ಊರಿಗೆ ಹೋದಳು.

ಅದೇ ವರ್ಷ ಜೂನ್ ತಿಂಗಳಲ್ಲಿ ಹರಿಯಾಣದ ದೀಕ್ಷಾ ಡಾಗರ್ ಚೆಕ್ ದೇಶದಲ್ಲಿ ಗೆದ್ದಳು. ಈಕೆಗೆ ಹುಟ್ಟಿನಿಂದ ಕಿವಿ ಕೇಳದು. ಎಡಗೈ ಆಟಗಾರ್ತಿ. 2019ರಲ್ಲೂ ದಕ್ಷಿಣ ಆಫ್ರಿಕದಲ್ಲಿ ಗೆದ್ದಿದ್ದಳು. ಟೋಕಿಯೋದಲ್ಲಿ ಈ ಹುಡುಗಿಯ ಚೀಲ ಹೊತ್ತವರು ಅವಳ ತಂದೆ, ಸೈನ್ಯದ ಕರ್ನಲ್. ಕಿವಿ ಕೇಳದ ಮಗಳು, "ಎಲ್ಲಿಗೆ ಒಬ್ಬಳನ್ನೇ ಕಳಿಸೋದು" ಎಂದು ಕಟ್ಟಿಹಾಕುವುದು ಎಷ್ಟು ಸುಲಭವಿತ್ತು!

ನಾನು ಹೇಳಲು ಹೊರಟಿದ್ದು ಇಲ್ಲಿದೆ ನೋಡಿ. ಈ ಆಟದಲ್ಲಿ ಚೀಲ ಹೊರುವವರಿಗೆ ಕ್ಯಾಡಿ ಎಂದು ಹೆಸರು. ಅವರು ಚೆಂಡು ಹೊಡೆಯುವಂತಿಲ್ಲ. ಕೋಲು ಒರೆಸಿ ಕೊಡುತ್ತಾರೆ, ದೂರ ಹೇಳುತ್ತಾರೆ, ಬಿಸಿಲಿಗೆ ಕೊಡೆ ಹಿಡಿಯುತ್ತಾರೆ, ನೀರು ಕೊಡುತ್ತಾರೆ. ಹೊಡೆತ ತಪ್ಪಿದಾಗ ಪಕ್ಕದಲ್ಲಿ ನಡೆಯುತ್ತಾರೆ. ಗೆದ್ದವರ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಆದರೆ ಟೋಕಿಯೋದ ಆ ನಾಲ್ಕು ದಿನ, ಜಗತ್ತಿನ 200ನೇ ಹುಡುಗಿ ಮೊದಲಿನವರ ಸರಿಸಮ ನಿಂತಾಗ ಅವಳ ಪಕ್ಕದಲ್ಲಿ ಇದ್ದದ್ದು ತಾಯಿ ಒಬ್ಬಳೇ.

ಗಾಲ್ಫ್ ನಮ್ಮಂಥವರ ಆಟವಲ್ಲ ಎಂದು ನೀವು ಅನ್ನಬಹುದು. ಒಪ್ಪುತ್ತೇನೆ. ಅದಕ್ಕೆ ಎಕರೆಗಟ್ಟಲೆ ಹುಲ್ಲು ಬೇಕು, ಬೇಸಿಗೆಯಲ್ಲೂ ನೀರು ಬೇಕು, ದುಡ್ಡು ಬೇಕು. ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ಕೋಲಾರದ ಚಿನ್ನದ ಗಣಿಯ ದೊರೆಗಳೂ ಆಡುತ್ತಿದ್ದರು. ನಮ್ಮ ಐನಾಪುರದವರು ಆ ಹುಲ್ಲು ನೋಡಬೇಕೆಂದರೆ ತಾಂಡೂರು ದಾಟಿ ಹೈದರಾಬಾದಿಗೇ ಹೋಗಬೇಕು. ನಮ್ಮ ಹುಡುಗಿಯರ ಪಾಲಿಗೆ ಇರುವುದು ಖೋ ಖೋ, ಕಬಡ್ಡಿ, ಥ್ರೋಬಾಲ್. ಚೆಂಡಿಗೆ ದುಡ್ಡು ಬೇಡ, ಶಾಲೆಯಲ್ಲೇ ಇದೆ. ಆದರೆ ಚೀಲ ಹೊರುವವರು ಬೇಕಲ್ಲ? ಅವರು ಎಲ್ಲಿದ್ದಾರೆ?

ಇಲ್ಲಿ ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಖೋ ಖೋದಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಚಿಂಚೋಳಿಗೆ ಆಡಲು ಹೋಗುವುದಿತ್ತು. ಮನೆಯಲ್ಲಿ ದೊಡ್ಡವರು ಬೇಡ ಅಂದರು. ಬೆಳಗಿನ ಬಸ್ಸು ನಮ್ಮ ಬಾಗಿಲ ಮುಂದೆಯೇ ಹೋಯಿತು. ಗೆಳತಿಯರು ಕೈ ಬೀಸಿದರು. ನಮ್ಮವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂದು ಆಕೆ ಒಂದು ಮಾತು ಆಡಿದ್ದರೆ ಎಂದು ನಾನು ಎಷ್ಟು ವರ್ಷ ನೆನೆದಿದ್ದೇನೆ! ಮೊನ್ನೆ ಸಂಜೆ ನನ್ನ ಸೊಸೆ ಏನೂ ಅನ್ನದೆ ಒಳಗೆ ಹೋದಳಲ್ಲ, ಅದು ನನ್ನ ಅವ್ವನೇ ಒಳಗೆ ಹೋದ ಹಾಗೆ ಆಯಿತು. ಆದರೆ ಈ ಸಲ ಬಾಗಿಲಿಗೆ ಅಡ್ಡ ನಿಂತವಳು ನಾನೇ.

ಮುಂಜಾನೆ ಚಹಾ ಕುಡಿಯುವಾಗ ಸೊಸೆಗೆ ಹೇಳಿದೆ: "ನೀನು ಹೋಗವ್ವಾ ಅಕಿ ಸಂಗಟ. ಎರಡು ದಿನ ಒಲಿ ನಾ ನೋಡ್ಕೋತೀನಿ. ಎಮ್ಮಿ ಹಿಂಡ್ಲಾಕ ಮಗ್ಗಲ ಮನಿ ಚಿಗವ್ವನ ಕರೀತೀನಿ."

ಅವಳು ಲೋಟ ಕೆಳಗಿಟ್ಟು, "ಖರೇನ್ರೀ ಅತ್ತಿ?" ಅಂದಳು. ಆಮೇಲೆ ಮೆಲ್ಲಗೆ, "ಕಲಬುರಗಿಗಿ ನಾ ದವಾಖಾನಿ ಬಿಟ್ಟು ಬ್ಯಾರೇದಕ್ಕ ಹೋಗಿದ್ದೇ ಇಲ್ರಿ" ಅಂದಳು. ಮದುವೆಯಾಗಿ ಬಂದು ಹದಿನಾರು ವರ್ಷವಾಯಿತು. ಆ ಮಾತು ನನಗೆ ಗೊತ್ತೇ ಇರಲಿಲ್ಲ.

ಬುತ್ತಿ ನಾನೇ ಕಟ್ಟಿದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣ ಪಲ್ಯ. ಆಟದ ನಡುವೆ ಬಾಯಿಗೆ ಹಾಕಿಕೊಳ್ಳಲು ಶೇಂಗಾದುಂಡಿ. ನಿಮ್ಮ ಮಕ್ಕಳೂ ಆಡಲು ಹೋಗುವುದಿದ್ದರೆ ಮಾಡಿಕೊಡಿ, ಬಹಳ ಸುಲಭ. ಪಾವು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹದವಾಗಿ ಹುರಿದು ಸಿಪ್ಪೆ ತೆಗೆಯಿರಿ. ಅದಕ್ಕಿಂತ ತುಸು ಕಡಿಮೆ ಬೆಲ್ಲ, ಎರಡು ಏಲಕ್ಕಿ. ಎಲ್ಲ ಸೇರಿಸಿ ತರಿತರಿಯಾಗಿ ಕುಟ್ಟಿ, ಶೇಂಗಾದ ಎಣ್ಣೆ ಬಿಡುತ್ತಿದ್ದಂತೆ ಉಂಡಿ ಕಟ್ಟಿಬಿಡಿ. ಪಾಕ ಬೇಡ, ತುಪ್ಪ ಬೇಡ. ನಾಲ್ಕೈದು ದಿನ ಕೆಡುವುದಿಲ್ಲ.

ಅವರು ಗೆದ್ದು ಬಂದರೆಂದು ಬರೆಯುವ ಆಸೆ ನನಗೂ ಇತ್ತು. ಇಲ್ಲ. ಮೊದಲ ಪಂದ್ಯದಲ್ಲೇ ಸೋತರು. ಕೊನೆಯ ಚೆಂಡು ಬಿಟ್ಟವಳು ನಮ್ಮ ಹುಡುಗಿಯೇ ಅಂತೆ. ಮನೆಗೆ ಬಂದು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅವಳನ್ನು ಎಬ್ಬಿಸಿ ಹಾಂಗ್‌ಜೌ ಕಥೆ ಹೇಳಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ಸೊಸೆ ಅವಳ ಪಕ್ಕ ಕೂತು ಹೇಳುತ್ತಿದ್ದಳು: "ನಾ ನೋಡೀನಿ. ನಿನ್ನ ಕಾಲು ಜಾರ್ತು. ಅಲ್ಲಿ ನೆಲ ಹಸಿ ಇತ್ತು. ಅದಕ್ಕೂ ಮೊದಲ ಆರು ಚೆಂಡು ನೀನೇ ಹಿಡ್ದಿದ್ದಿ. ನಾ ಎಣಿಸೀನಿ."

ಹುಡುಗಿ ಹೊರಳಿ ತಾಯಿಯ ಮುಖ ನೋಡಿದಳು. "ಎಣಿಸಿದೇನು?" ಅಂದಳು. ಎದ್ದು ಕೂತು ರೊಟ್ಟಿ ಕೇಳಿದಳು.

ನಾನು ಕಥೆ ಹೇಳಲಿಲ್ಲ. ಬೇಕಾಗಲಿಲ್ಲ.

ಅಕ್ಕಂದಿರೇ, ಹತ್ತನೇ ಇಯತ್ತೆಯ ಚಿಂತೆ ನನಗೆ ಈಗಲೂ ಇದೆ. ಬರುವ ವರ್ಷ ಮತ್ತೆ ಇದೇ ಕಾಗದ ಬಂದರೆ ಮನೆಯಲ್ಲಿ ಮಾತು ಆಗಿಯೇ ಆಗುತ್ತದೆ. ಓದೂ ನಡೆಯಬೇಕು, ಆಟವೂ ನಡೆಯಬೇಕು. ಎರಡಕ್ಕೂ ದಿನದ ಲೆಕ್ಕ ಹಾಕಬೇಕು. ಅದಿತಿಯೂ ಹನ್ನೆರಡನೇ ಇಯತ್ತೆ ಮುಗಿಸಿದ ವರ್ಷವೇ ಒಲಿಂಪಿಕ್ಸ್ ಆಡಿದ್ದು ಎಂದು ಮಗನಿಗೆ ಹೇಳಿಟ್ಟಿದ್ದೇನೆ. ಸಹಿ ಯಾರು ಹಾಕುವುದು ಎಂಬ ಪ್ರಶ್ನೆಗೆ ಮಾತ್ರ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿದೆ. ಈ ಸಲ ಆ ಕಾಗದದ ಮೇಲೆ ಸೊಸೆಯ ಸಹಿ ಬಿತ್ತು.

ನಿಮ್ಮ ಮನೆಯ ಹುಡುಗಿ ಏನು ಆಡುತ್ತಾಳೆ? ಅವಳ ಚೀಲ ಹೊರುವವರು ಯಾರು? ಪುರುಸೊತ್ತು ಮಾಡಿಕೊಂಡು ನಾಲ್ಕು ಸಾಲು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.